ಕನ್ಯೆ ಕೊಡುವವರ ತಕ್ಕಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಯಾವ ಸಂತೆಗೆ ಹೋದರೂ ಲಗ್ನದ ಹಂಗಾಮಿನಲ್ಲಿ ಒಂದು ಮಾತು ಕಿವಿಗೆ ಬೀಳದೆ ಇರುವುದಿಲ್ಲ. “ಹುಡುಗ ಒಳ್ಳೆಯವ, ದುಡಿಯುತ್ತಾನೆ, ಚಟವಿಲ್ಲ, ಆದರೆ ಕಾಲೊಂದು...” ಎಂದು ಹೇಳುವವನು ಅಲ್ಲಿಗೇ ನಿಲ್ಲಿಸುತ್ತಾನೆ. ಕೇಳುವವನೂ ಮುಂದೆ ಕೇಳುವುದಿಲ್ಲ. ಆ ಅರ್ಧ ಮಾತಿನಲ್ಲಿ ಒಂದು ಇಡೀ ಬಾಳಿನ ತೀರ್ಪು ಆಗಿಹೋಗಿರುತ್ತದೆ. ಹುಡುಗಿಯ ವಿಷಯವಾದರೆ ಅರ್ಧ ಮಾತೂ ಇಲ್ಲ. ಅವಳ ಹೆಸರನ್ನೇ ಯಾರೂ ಎತ್ತುವುದಿಲ್ಲ. ಈ ವಾರ ನಾವು ಆ ಅರ್ಧ ಮಾತನ್ನು ಪೂರ್ತಿ ಮಾಡಬೇಕೆಂದಿದ್ದೇವೆ.

ಇದಕ್ಕೆ ನಿಮಿತ್ತವಾದದ್ದು ಜಪಾನ ದೇಶದ ಒಂದು ಚಿತ್ರಕಥೆ. ಅಲ್ಲಿ ಇಂಥ ಕಥೆಗಳಿಗೆ ಮಾಂಗಾ ಎನ್ನುತ್ತಾರೆ. ಮಕ್ಕಳಷ್ಟೇ ಅಲ್ಲ, ಕಾಮಗಾರರೂ ಗೃಹಿಣಿಯರೂ ಓದುತ್ತಾರೆ. ಅರುಗಾ ರಿಯೆ ಎಂಬ ಲೇಖಕಿ ‘ಪರ್ಫೆಕ್ಟ್ ವರ್ಲ್ಡ್’ ಎಂಬ ಹೆಸರಿನಲ್ಲಿ 2014ರಿಂದ 2021ರವರೆಗೆ ಇದನ್ನು ಬರೆದಳು. 2018ರಲ್ಲಿ ಇದು ಸಿನೆಮಾ ಆಯಿತು. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದ ಒಬ್ಬ ಕಟ್ಟಡ ವಿನ್ಯಾಸಕಾರ. ಅವನನ್ನು ಶಾಲೆಯ ದಿನಗಳಿಂದ ಮೆಚ್ಚಿದ್ದ ಒಬ್ಬ ಹುಡುಗಿ. ಹುಡುಗಿಯ ತಂದೆ ಒಪ್ಪುವುದಿಲ್ಲ. ಹಾಸಿಗೆ ಹುಣ್ಣು, ಶೌಚದ ಅಡಚಣಿ, ಆಸ್ಪತ್ರೆಯ ದಿನಗಳು, ಯಾವುದನ್ನೂ ಲೇಖಕಿ ಮುಚ್ಚಿಡುವುದಿಲ್ಲ. ಹಾಗಿದ್ದೂ ಅದು ಕರುಣೆಯ ಕಥೆಯಲ್ಲ, ಪ್ರೇಮದ ಕಥೆ. ಅದೇ ಅದರ ಹಿರಿಮೆ.

ಆದರೆ ಜಪಾನವನ್ನು ಹೊಗಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. ಅದೇ ದೇಶದಲ್ಲಿ 1948ರಿಂದ 1996ರವರೆಗೆ ಒಂದು ಕಾಯದೆ ಇತ್ತು. ಅದರ ಬಲದಿಂದ ಸುಮಾರು 25,000 ಜನರಿಗೆ ಮಕ್ಕಳಾಗದಂತೆ ಶಸ್ತ್ರಕ್ರಿಯೆ ಮಾಡಲಾಯಿತು. ಅವರಲ್ಲಿ ಬಹಳ ಜನ ಅಂಗವಿಕಲರು, ಅನೇಕರ ಒಪ್ಪಿಗೆಯನ್ನೂ ಕೇಳಿರಲಿಲ್ಲ. 2024ರ ಜುಲೈಯಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯ ಆ ಕಾಯದೆ ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಸಂಸಾರ ಹೂಡುವ ಹಕ್ಕು ಯಾರಿಗೂ ಯಾವ ದೇಶದಲ್ಲಿಯೂ ಪುಕ್ಕಟೆ ಬಂದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇನ್ನು ನಮ್ಮ ಸೀಮೆ. ಬಾಗೇವಾಡಿಯ ಮಣ್ಣಿನ ಮಗ ಬಸವಣ್ಣನ ಕಾಲದಲ್ಲಿ ಕಲ್ಯಾಣ ಹೊತ್ತಿ ಉರಿದದ್ದು ಯಾವುದರಿಂದ? ಒಂದು ಮದುವೆಯಿಂದ. ಹರಳಯ್ಯನ ಮಗ, ಮಧುವರಸನ ಮಗಳು. ಅನುಭವ ಮಂಟಪದಲ್ಲಿ ಕೂಡಿ ಕುಳಿತಾಗ ಸಹಿಸಿದ ಅರಸೊತ್ತಿಗೆ, ಮದುವೆಯ ಮಾತು ಬಂದಾಗ ಸಹಿಸಲಿಲ್ಲ. ಸಮಾನತೆಯ ನಿಜವಾದ ಒರೆಗಲ್ಲು ವೇದಿಕೆಯಲ್ಲ, ಬೀಗತನ.

ಅದೇ ಒರೆಗಲ್ಲಿಗೆ ನಮ್ಮನ್ನು ನಾವು ತಿಕ್ಕಿ ನೋಡೋಣ. ಗದಗಿನ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಪಾದಕ್ಕೆ ಈ ನಾಡು ಹಣೆ ಹಚ್ಚಿದೆ. ಇಬ್ಬರಿಗೂ ಕಣ್ಣಿರಲಿಲ್ಲ. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣವೂ ಬಂದಿತು. ಅವರು ಸನ್ಯಾಸದ ದಾರಿಯನ್ನು ತಾವೇ ಆರಿಸಿಕೊಂಡವರು; ಅವರ ಮಾತು ಬೇರೆ. ಆದರೆ ಅವರ ಫೋಟೋಕ್ಕೆ ದಿನವೂ ಊದುಬತ್ತಿ ಬೆಳಗುವ ಅಂಗಡಿಕಾರನ ಮನೆಗೆ ಕಣ್ಣಿಲ್ಲದ ಒಬ್ಬ ಸಂಗೀತ ಮಾಸ್ತರ ವರನಾಗಿ ಬಂದರೆ? ಗುರುವಾಗಲು ಅಡ್ಡಿಯಿಲ್ಲ, ಅಳಿಯನಾಗಲು ಮಾತ್ರ ಅಡ್ಡಿ. ಇದು ಭಕ್ತಿಯೆ?

ಗಿರಣಿಯ ಸಂಗಾತಿಗಳೇ, ಇದು ಬೇರೆಯವರ ಮನೆಯ ಮಾತೆಂದು ತಿಳಿಯಬೇಡಿರಿ. ಅರಳೆ ಗಿರಣಿಯ ಪಟ್ಟೆಗೆ, ಎಣ್ಣೆ ಗಾಣದ ಹಲ್ಲಿಗೆ, ಸಕ್ಕರೆ ಕಾರಖಾನೆಯ ಕಬ್ಬಿನ ಸರಪಳಿಗೆ ಕೈ ಸಿಗುವುದು ಒಂದು ನಿಮಿಷದ ಕೆಲಸ. ಬೆಳಿಗ್ಗೆ ಪಾಳಿಗೆ ಹೋದವನು ಸಂಜೆಗೆ ಅಂಗವಿಕಲ. 1923ರ ಕಾಮಗಾರರ ಪರಿಹಾರ ಕಾಯದೆ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿ ನೂರಕ್ಕೆ 30ರಷ್ಟು ಹೋಯಿತೆಂದು ಲೆಕ್ಕ ಹಾಕಿತು. ಮದುವೆಯ ಬಾಜಾರದ ಲೆಕ್ಕದಲ್ಲಿ ಮಾತ್ರ ಅದು ನೂರಕ್ಕೆ ನೂರು! ಬ್ರಿಟಿಷ್ ಸರಕಾರದ ಕಾಯದೆಗಿಂತಲೂ ನಮ್ಮ ನೆರೆಹೊರೆಯ ತಕ್ಕಡಿ ಕಠೋರವಾಯಿತಲ್ಲ!

ಹೆಣ್ಣಿನ ಪಾಡು ಇನ್ನೂ ಕಡೆ. ಅವಳಿಗೆ ಊನವಿದ್ದರೆ ಹುಂಡಾದ ಮೊತ್ತ ಏರುತ್ತದೆ. ಹುಂಡಾ ತೆಗೆದುಕೊಳ್ಳುವುದು ಅಪರಾಧವೆಂದು 1961ರಲ್ಲಿಯೇ ಕಾಯದೆ ಬಂದಿದ್ದರೂ ಸೈ. ಇಲ್ಲವೆ ಮುದುಕನಿಗೆ ಎರಡನೆಯ ಸಂಬಂಧ. ಗಂಡಿಗೆ ಊನವಿದ್ದರೆ ಬಡವರ ಮನೆಯ ಹೆಣ್ಣನ್ನು ಹುಡುಕಿ, ಅವಳ ಬಾಯಿ ಕಟ್ಟಿ ತರುತ್ತಾರೆ. ಇದನ್ನು ನಾವು ಒಪ್ಪುವವರಲ್ಲ. ಅಂಗವಿಕಲನನ್ನು ಮದುವೆಯಾಗುವುದು ಯಾರ ಕರ್ತವ್ಯವೂ ಅಲ್ಲ, ಯಾರ ತ್ಯಾಗವೂ ಆಗಬಾರದು. ಇಬ್ಬರೂ ಮೆಚ್ಚಿದ ಮೇಲೆ ಮೂರನೆಯವನು ಅಡ್ಡ ಬರಬಾರದು. ನಾವು ಕೇಳುವುದು ಇಷ್ಟೇ.

ನಮ್ಮ ರಾಜ್ಯ ಸರಕಾರ ಅಂಗವಿಕಲರ ಕೈಹಿಡಿಯುವವರಿಗೆ 50,000 ರೂಪಾಯಿ ಪ್ರೋತ್ಸಾಹಧನದ ಯೋಜನೆ ಮಾಡಿತು. ಬಡ ಸಂಸಾರಕ್ಕೆ ಆ ಹಣ ಬೇಡವೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಮದುವೆಯಾದವನಿಗೆ ಬಹುಮಾನವೆಂದರೆ ಮದುವೆಯಾದವಳು ಏನಾದಳು? ಭಾರವಾದಳೆ? ಹಣ ಕೊಡುವುದಾದರೆ ಅಂಗವಿಕಲರ ಕೈಗೇ, ಅವರ ಹಕ್ಕೆಂದು ಕೊಡಲಿ. ಅಂಗವಿಕಲರಿಬ್ಬರು ತಮ್ಮತಮ್ಮಲ್ಲೇ ಕೂಡಿದರೂ ಅಷ್ಟೇ ಕೊಡಲಿ.

ಬಹುಮಾನಕ್ಕಿಂತ ಮೊದಲು ಕೆಲಸ ಬೇಕು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ಅಂಗವಿಕಲರು ಲೆಕ್ಕಕ್ಕೆ ಸಿಕ್ಕರು. 2016ರ ಅಂಗವಿಕಲರ ಹಕ್ಕುಗಳ ಕಾಯದೆ ಸರಕಾರಿ ನೌಕರಿಯಲ್ಲಿ ನೂರಕ್ಕೆ 4 ಜಾಗ ಕಾದಿರಿಸಿದೆ. ಸೇವೆಯಲ್ಲಿರುವಾಗ ಅಂಗವಿಕಲನಾದ ಸರಕಾರಿ ನೌಕರನನ್ನು ತೆಗೆದುಹಾಕಕೂಡದೆಂದೂ ಹೇಳಿದೆ. ಖಾಸಗಿ ಗಿರಣಿಯ ಕಾಮಗಾರ ಏನು ಪಾಪ ಮಾಡಿದ್ದಾನೆ? ಕೈ ಕಳಕೊಂಡವನಿಗೆ ಅದೇ ಗಿರಣಿಯಲ್ಲಿ, ಅದೇ ಪಗಾರದ ಮೇಲೆ ಹಗುರ ಕೆಲಸ ಸಿಗಬೇಕು. ಇದು ನಮ್ಮ ಮೊದಲ ಬೇಡಿಕೆ. ಪಗಾರ ನಿಂತ ಮನೆಗೆ ಕನ್ಯೆ ಕೊಡಲು ಹೆದರುವ ತಂದೆಯನ್ನಷ್ಟೇ ಬೈದು ಫಲವಿಲ್ಲ. ಪಗಾರ ನಿಲ್ಲಿಸಿದವನನ್ನೂ ಕೇಳಬೇಕು.

ಎರಡನೆಯದು, ಮೆಟ್ಟಿಲು. ಸಾರ್ವಜನಿಕರು ಬಳಸುವ ಹಳೆಯ ಕಟ್ಟಡಗಳನ್ನೆಲ್ಲ 5 ವರುಷದೊಳಗೆ ಅಂಗವಿಕಲರು ಬಂದುಹೋಗುವಂತೆ ಮಾಡಬೇಕೆಂದು ಅದೇ ಕಾಯದೆ ಹೇಳಿತ್ತು. ನಿಯಮಗಳು 2017ರಲ್ಲಿ ಬಂದವು. ಗಡುವು 2022ಕ್ಕೇ ಮುಗಿಯಿತು. ಬಸ್ ನಿಲ್ದಾಣ, ತಹಶೀಲ್ದಾರ ಕಚೇರಿ, ಮದುವೆ ನೋಂದಣಿಯ ಕಚೇರಿ, ಮಂಗಲ ಕಾರ್ಯಾಲಯ, ಇವುಗಳ ಬಾಗಿಲಿಗೆ ನಮ್ಮ ತಾಲೂಕು ಶಾಖೆಗಳು ಹೋಗಿ ಮೆಟ್ಟಿಲು ಎಣಿಸಿ ಬರಲಿ. ತನ್ನ ಮದುವೆಯ ಮಂಟಪಕ್ಕೆ ವರನನ್ನು ನಾಲ್ಕು ಜನ ಎತ್ತಿ ಒಯ್ಯಬೇಕಾದರೆ ನಾಚಿಕೆ ಅವನದಲ್ಲ, ಊರಿನದು.

ಮೂರನೆಯದಕ್ಕೆ ಸರಕಾರ ಬೇಕಿಲ್ಲ, ನಮ್ಮ ನಾಲಿಗೆ ಸಾಕು. ಕುಂಟ, ಕುರುಡ ಎಂಬ ಮಾತನ್ನು ಹೆಸರಿನ ಮುಂದೆ ಹಚ್ಚಿ ಕರೆಯುವ ಚಾಳಿಯನ್ನು ನಾಳೆಯಿಂದಲೇ ಬಿಡೋಣ.

ವ್ಯಾಪಾರಸ್ಥ ಬಂಧುಗಳಿಗೆ ಕೊನೆಯ ಮಾತು. ಅಂಗಡಿಯ ತಕ್ಕಡಿ ಸುಳ್ಳಾದರೆ ಗಿರಾಕಿ ಕೇಳುತ್ತಾನೆ, ಇನ್‌ಸ್ಪೆಕ್ಟರನೂ ಬರುತ್ತಾನೆ. ಮನುಷ್ಯರನ್ನು ತೂಗುವ ತಕ್ಕಡಿ ಸುಳ್ಳಾದರೆ ಕೇಳುವವರಿಲ್ಲ. ಆದ್ದರಿಂದ ನಾವೇ ಕೇಳಿಕೊಳ್ಳಬೇಕು. ಮುಂದಿನ ಹಂಗಾಮಿನಲ್ಲಿ ಯಾರಾದರೂ “ಆದರೆ ಕಾಲೊಂದು...” ಎಂದು ನಿಲ್ಲಿಸಿದರೆ, “ಕಾಲಿರಲಿ, ಹುಡುಗಿ ಏನೆನ್ನುತ್ತಾಳೆ?” ಎಂದು ಒಬ್ಬರಾದರೂ ಕೇಳಿರಿ.