ಹಳೆಯ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್?

ಅಣ್ಣ ಬಳಸಿದ ಲ್ಯಾಪ್‌ಟಾಪ್ ತಂಗಿಯ ಪಾಲಿಗೆ ಬರುವುದು ಅನೇಕ ಮನೆಗಳ ವಾಡಿಕೆ. ಆದರೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಮುಗಿದ ಮೇಲೆ ಇಂತಹ ಯಂತ್ರಗಳಿಗೆ ಸಂಕಟ ಎದುರಾಗಿದೆ. ಹಳೆಯ ಪ್ರೊಸೆಸರುಗಳಿಗೆ ವಿಂಡೋಸ್ 11 ಒಗ್ಗುವುದಿಲ್ಲ. ಹೊಸದನ್ನು ಕೊಳ್ಳೋಣವೆಂದರೆ ಆಗಷ್ಟೇ ಕಾಲೇಜಿನ ಶುಲ್ಕ ಕಟ್ಟಿ ಕೈ ಬರಿದಾಗಿರುತ್ತದೆ. 'ಲಿನಕ್ಸ್ ಹಾಕಿಸಿ, ಅದು ಉಚಿತ' ಎಂದು ಯಾರೋ ಸಲಹೆ ಕೊಡುತ್ತಾರೆ. ಹುಡುಕಲು ಹೊರಟರೆ ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಎಂದು ಹತ್ತಾರು ಹೆಸರುಗಳು!

ಇಷ್ಟೊಂದು ಹೆಸರುಗಳೇಕೆ? 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯಲಾರಂಭಿಸಿದ್ದು ಕರ್ನಲ್ ಎಂಬ ತಿರುಳನ್ನು ಮಾತ್ರ. ಅದನ್ನು ಬಸ್ಸಿನ ಎಂಜಿನ್ ಮತ್ತು ಚಾಸಿಗೆ ಹೋಲಿಸಬಹುದು. ಒಂದೇ ಚಾಸಿಯ ಮೇಲೆ ಬೇರೆ ಬೇರೆಯವರು ಬೇರೆ ಬೇರೆ ಬಾಡಿ ಕಟ್ಟುವಂತೆ, ಒಂದೇ ಕರ್ನಲ್‌ಗೆ ಪರದೆಯ ವಿನ್ಯಾಸ, ಬ್ರೌಸರ್, ಕಚೇರಿ ತಂತ್ರಾಂಶಗಳನ್ನು ಜೋಡಿಸಿ ಕೊಡುವುದೇ 'ಡಿಸ್ಟ್ರಿಬ್ಯೂಷನ್'.

ಆಯ್ಕೆಗೆ ಮೊದಲು ಯಂತ್ರದ ಶಕ್ತಿಯನ್ನು ನೋಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿಯೂ ಸಲ್ಲುತ್ತದೆ. ರ‍್ಯಾಮ್ 8 ಜಿಬಿ ಇದ್ದರೆ ಮಿಂಟ್‌ನ 'ಸಿನಮನ್' ಆವೃತ್ತಿ ಅಥವಾ ಉಬುಂಟು ಸಲೀಸಾಗಿ ನಡೆಯುತ್ತದೆ. 4 ಜಿಬಿ ಮಾತ್ರ ಇದ್ದರೆ ಮಿಂಟ್‌ನ 'ಎಕ್ಸ್‌ಎಫ್‌ಸಿಇ' ಎಂಬ ಹಗುರ ಆವೃತ್ತಿಯೇ ಲೇಸು.

ಹೊಸಬರಿಗೆ ಮಿಂಟ್ ಹಿಡಿಸಲು ಕಾರಣವಿದೆ. ಅದರ ಮೆನು ವಿಂಡೋಸ್ ಬಳಸಿದವರಿಗೆ ಪರಿಚಿತವೆನಿಸುವಂತೆ ಪರದೆಯ ಕೆಳಗೆ ಎಡಮೂಲೆಯಲ್ಲೇ ಇರುತ್ತದೆ. ಉಬುಂಟುವಿನ ತಳಹದಿಯ ಮೇಲೆ ಕಟ್ಟಿದ ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತಾ ಪರಿಷ್ಕರಣೆಗಳು ದೊರೆಯುತ್ತವೆ. ಫೆಡೋರಾ ಉತ್ತಮವೇ ಆದರೂ ಅದರ ಒಂದೊಂದು ಆವೃತ್ತಿಗೂ ಸುಮಾರು 13 ತಿಂಗಳಷ್ಟೇ ಆಯುಸ್ಸು. ಪದೇ ಪದೇ ಮೇಲ್ದರ್ಜೆಗೇರಿಸುವ ಕೆಲಸ ಹೊಸಬರಿಗೆ ತೊಡಕಾದೀತು.

ಎರಡನೆಯದಾಗಿ, ವಿದ್ಯಾರ್ಥಿಯ ಅಗತ್ಯವೇನು? ಟಿಪ್ಪಣಿ ಬರೆಯಲು, ಪ್ರಾಜೆಕ್ಟ್ ಸಿದ್ಧಪಡಿಸಲು ಲಿಬ್ರೆಆಫೀಸ್ ಸಾಕು. ಪೈಥಾನ್, ಸಿ ಭಾಷೆಗಳ ಕಲಿಕೆಗಂತೂ ಲಿನಕ್ಸ್ ಹೇಳಿ ಮಾಡಿಸಿದ್ದು. ಆದರೆ ವಾಣಿಜ್ಯ ವಿದ್ಯಾರ್ಥಿಗೆ ಬೇಕಾದ ಟ್ಯಾಲಿ, ಎಂಜಿನಿಯರಿಂಗ್‌ನವರ ಆಟೋಕ್ಯಾಡ್ ಇದರಲ್ಲಿ ನೇರವಾಗಿ ನಡೆಯುವುದಿಲ್ಲ. ಆನ್‌ಲೈನ್ ಪರೀಕ್ಷೆಗೆ ಕಾಲೇಜು ಯಾವ ತಂತ್ರಾಂಶ ಬಳಸುತ್ತದೆ ಎಂಬುದನ್ನೂ ಮೊದಲೇ ವಿಚಾರಿಸುವುದು ಒಳ್ಳೆಯದು. ಕನ್ನಡದ ಬಗ್ಗೆ ಚಿಂತೆ ಬೇಡ: ಇನ್‌ಸ್ಕ್ರಿಪ್ಟ್ ಮತ್ತು ಕೆಜಿಪಿ ಕೀಲಿಮಣೆಗಳೆರಡನ್ನೂ ಅಳವಡಿಸಿಕೊಳ್ಳಬಹುದು.

'ಉಚಿತವಾಗಿ ಸಿಗುವುದು ಬಾಳಿಕೆ ಬಂದೀತೇ?' ಎಂಬ ಅನುಮಾನ ಪೋಷಕರಿಗೆ ಸಹಜ. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಕಂಪ್ಯೂಟರ್ ಕಲಿಯುತ್ತಿರುವುದು ಲಿನಕ್ಸ್‌ನಲ್ಲಿಯೇ.

ಆದರೂ ಯಾರ ಮಾತನ್ನೂ ಕುರುಡಾಗಿ ನಂಬಬೇಕಿಲ್ಲ. ಪ್ರಯೋಗ ಮಾಡಿ ನೋಡಬಹುದು. 8 ಜಿಬಿಯ ಒಂದು ಖಾಲಿ ಪೆನ್‌ಡ್ರೈವ್ ತೆಗೆದುಕೊಳ್ಳಿ. ಮಿಂಟ್‌ನ ಅಧಿಕೃತ ತಾಣದಿಂದ ಕಡತವನ್ನು ಇಳಿಸಿಕೊಂಡು ಎಚರ್ ಅಥವಾ ರೂಫಸ್ ತಂತ್ರಾಂಶದ ಮೂಲಕ ಅದಕ್ಕೆ ಬರೆಯಿರಿ. ಸುಮ್ಮನೆ ನಕಲು ಮಾಡಿದರೆ ಸಾಲದು. ಲ್ಯಾಪ್‌ಟಾಪನ್ನು ಆ ಪೆನ್‌ಡ್ರೈವ್‌ನಿಂದ ಆರಂಭಿಸಿದರೆ, ಒಳಗಿನ ಡಿಸ್ಕನ್ನು ಮುಟ್ಟದೆಯೇ ಲಿನಕ್ಸ್ ತೆರೆದುಕೊಳ್ಳುತ್ತದೆ. ವೈಫೈ, ಧ್ವನಿ, ಕ್ಯಾಮೆರಾ, ಟಚ್‌ಪ್ಯಾಡ್ ಒಂದೊಂದನ್ನೂ ಪರೀಕ್ಷಿಸಿ. ಪೆನ್‌ಡ್ರೈವ್‌ನಿಂದ ನಡೆಯುವಾಗ ವೇಗ ತುಸು ಕಡಿಮೆ ಇರುವುದು ಸಹಜ.

ಎಲ್ಲವೂ ಸರಿಯಿದ್ದರೆ ಮಾತ್ರ ಅನುಸ್ಥಾಪನೆಗೆ ಕೈಹಾಕಿ. ಅದಕ್ಕೂ ಮುಂಚೆ ಮನೆಯ ಫೋಟೋಗಳು, ಅಣ್ಣನ ಪ್ರಾಜೆಕ್ಟ್‌ಗಳು, ಅಂಕಪಟ್ಟಿಗಳ ಪ್ರತಿಗಳು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅವು ತೆರೆಯುತ್ತವೆಯೇ ಎಂದು ನೋಡಿಕೊಳ್ಳಿ. 'ಡಿಸ್ಕ್ ಅಳಿಸಿ' ಎಂಬ ಆಯ್ಕೆಯನ್ನು ಒತ್ತಿದರೆ ಹಳೆಯದೇನೂ ಉಳಿಯುವುದಿಲ್ಲ. ಲ್ಯಾಪ್‌ಟಾಪ್ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಅಳಿಸಿಹೋದ ಫೋಟೋಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.