ರಿಸೀವರ್ ಕೊಳ್ಳುವ ಮುನ್ನ ಕಿವಿಯ ಮಾತು ಕೇಳಿ

ಗೋಡೆಗೆ ದೊಡ್ಡ ಟಿ.ವಿ. ಬಂದ ಮೇಲೆ ಮನೆಮಂದಿಯ ಮುಂದಿನ ಆಸೆ ಹೋಂ ಥಿಯೇಟರ್. ಅದರ ಕೇಂದ್ರವೇ ಎ.ವಿ. ರಿಸೀವರ್ ಎಂಬ ಪೆಟ್ಟಿಗೆ. ಟಿ.ವಿ., ಡಿಸ್ಕ್ ಪ್ಲೇಯರ್‌ಗಳಿಂದ ಬರುವ ಧ್ವನಿಯನ್ನು ಬಿಡಿಸಿ, ಬಲಪಡಿಸಿ, ಕೋಣೆಯ ಸುತ್ತಲಿನ ಸ್ಪೀಕರ್‌ಗಳಿಗೆ ಹಂಚುವುದು ಅದರ ಕೆಲಸ. ಅಂಗಡಿಯಲ್ಲಿ ಒಂದೇ ಕಂಪನಿಯ ನಾಲ್ಕಾರು ಮಾದರಿಗಳು ಸಾಲಾಗಿ ಕುಳಿತಿರುತ್ತವೆ. "ಕೊಳ್ಳುವುದಾದರೆ ಎಲ್ಲಕ್ಕಿಂತ ಮೇಲಿನದನ್ನೇ ಕೊಳ್ಳೋಣ" ಎನ್ನುತ್ತಾನೆ ಮಗ. "ನನಗೆ ಮಾತು ಸರಿಯಾಗಿ ಕೇಳಿಸಿದರೆ ಸಾಕಪ್ಪ" ಎನ್ನುತ್ತಾರೆ ಅಜ್ಜ. "ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ?" ಎನ್ನುತ್ತಾರೆ ಅಮ್ಮ.

ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಆರೋಗ್ಯದ ಅಂಕಣದಲ್ಲಿ ಈ ಪೆಟ್ಟಿಗೆಗೇನು ಕೆಲಸ ಎಂದು ನೀವು ಕೇಳಬಹುದು. ಪೆಟ್ಟಿಗೆಯ ಬೆಲೆಯನ್ನು ಒಮ್ಮೆ ಕೊಟ್ಟು ಮುಗಿಸಬಹುದು. ಅದರ ಸದ್ದಿನ ಲೆಕ್ಕವನ್ನು ಮಾತ್ರ ಮನೆಯವರೆಲ್ಲರ ಕಿವಿಗಳು ವರ್ಷಗಟ್ಟಲೆ ತೀರಿಸಬೇಕಾಗುತ್ತದೆ. ಹೆಚ್ಚಿನ ಮನೆಗಳಿಗೆ ಎಲ್ಲಕ್ಕಿಂತ ಮೇಲಿನ ಮಾದರಿಯ ಅಗತ್ಯವಿಲ್ಲ, ಅದಕ್ಕೆ ಮೊದಲು ಆಗಬೇಕಾದ ಖರ್ಚು ಬೇರೆಯೇ ಇದೆ ಎಂಬುದು ನನ್ನ ಅಭಿಪ್ರಾಯ.

ವ್ಯಾಟ್‌ಗಳ ಲೆಕ್ಕ

ಜಪಾನಿನ ಡೆನಾನ್ ಕಂಪನಿಯ ಎರಡು ಮಾದರಿಗಳನ್ನೇ ಉದಾಹರಣೆಗೆ ನೋಡೋಣ. 2022ರಲ್ಲಿ ಬಂದ ಮಧ್ಯಮ ದರ್ಜೆಯ ಎಕ್ಸ್3800ಎಚ್‌ಗೆ 9 ಸ್ಪೀಕರ್‌ಗಳನ್ನು ನುಡಿಸುವ ಸಾಮರ್ಥ್ಯವಿದೆ. ಪ್ರತಿಯೊಂದಕ್ಕೆ 105 ವ್ಯಾಟ್. 2023ರಲ್ಲಿ ಬಂದ ಎ1ಎಚ್ ಆ ಕಂಪನಿಯ ಹಿರಿಯಣ್ಣ: 15 ಸ್ಪೀಕರ್, ಪ್ರತಿಯೊಂದಕ್ಕೆ 150 ವ್ಯಾಟ್, ತೂಕ 32 ಕಿಲೊ. ಅಮೆರಿಕದಲ್ಲಿ ಬಿಡುಗಡೆಯಾದಾಗ ಮೊದಲನೆಯದರ ಬೆಲೆ 1,699 ಡಾಲರ್. ಎರಡನೆಯದರದು 6,499 ಡಾಲರ್. ಅಂದರೆ ಹೆಚ್ಚು ಕಡಿಮೆ ನಾಲ್ಕು ಪಟ್ಟು.

105ಕ್ಕಿಂತ 150 ಬಹಳ ದೊಡ್ಡದೆಂದು ತೋರುವುದು ಸಹಜ. ಆದರೆ ಕಿವಿ ವ್ಯಾಟ್‌ಗಳನ್ನು ಹಾಗೆ ಎಣಿಸುವುದಿಲ್ಲ. ಶಬ್ದದ ಅಳತೆ ಡೆಸಿಬೆಲ್. ವಿದ್ಯುತ್ ಶಕ್ತಿ ಎರಡು ಪಟ್ಟಾದರೆ ಶಬ್ದ ಏರುವುದು 3 ಡೆಸಿಬೆಲ್ ಮಾತ್ರ. ಸದ್ದು ಎರಡರಷ್ಟು ಜೋರಾಯಿತು ಎಂದು ನಮಗೆ ಅನ್ನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ಈ ಲೆಕ್ಕದಲ್ಲಿ ಮೇಲಿನ ಎರಡು ಮಾದರಿಗಳ ನಡುವಿನ ಅಂತರ ಕೇವಲ ಒಂದೂವರೆ ಡೆಸಿಬೆಲ್. ಅದನ್ನು ಗುರುತಿಸಬೇಕಾದರೆ ನೀವು ಕಿವಿಗೊಟ್ಟು ಕೇಳಬೇಕು.

ಇನ್ನೊಂದು ಮಾತು. ಸಾಮಾನ್ಯ ಸ್ಪೀಕರೊಂದು ಬರೀ ಒಂದು ವ್ಯಾಟ್ ಶಕ್ತಿಯಲ್ಲಿ ಒಂದು ಮೀಟರ್ ದೂರಕ್ಕೆ 87 ಡೆಸಿಬೆಲ್‌ನಷ್ಟು ಸದ್ದು ಕೊಡಬಲ್ಲದು. ಮೂರು ಮೀಟರ್ ದೂರದ ಸೋಫಾ ತಲಪುವಾಗ ಅದು 80ರ ಆಸುಪಾಸಿಗೆ ಇಳಿಯುತ್ತದೆ. ನಾವು ಎದುರುಬದುರು ಕುಳಿತು ಆಡುವ ಮಾತು 60 ಡೆಸಿಬೆಲ್‌ನಷ್ಟು. ಸಿನಿಮಾದ ಬಹುಪಾಲು ಹೊತ್ತು ನಿಮ್ಮ ಹಾಲಿನಲ್ಲಿ ಬಳಕೆಯಾಗುವುದು ಒಂದೆರಡು ವ್ಯಾಟ್ ಮಾತ್ರ. ಸಿಡಿಲು, ಸ್ಫೋಟಗಳಂಥ ಕ್ಷಣಗಳಿಗಷ್ಟೇ ಹೆಚ್ಚು ಬೇಕು. ಅದಕ್ಕೆ ಮಧ್ಯಮ ಮಾದರಿ ಧಾರಾಳ ಸಾಕು.

ಕಿವಿಯ ಲೆಕ್ಕ

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಭಾಗವಿದೆ. ಅದರೊಳಗೆ ಸುಮಾರು 16,000 ಸೂಕ್ಷ್ಮ ರೋಮಕೋಶಗಳಿವೆ. ಶಬ್ದದ ಕಂಪನವನ್ನು ನರದ ಸಂದೇಶವಾಗಿ ಬದಲಿಸುವುದು ಇವೇ. ಅತಿಯಾದ ಸದ್ದಿಗೆ ಇವು ಬಳಲುತ್ತವೆ, ಕೊನೆಗೆ ಸಾಯುತ್ತವೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಮಿತಿ. ಮಕ್ಕಳಿಗೆ ಅದೇ 40 ಗಂಟೆಗೆ 75 ಡೆಸಿಬೆಲ್. ಇದನ್ನು ರೂಪಿಸಿದ್ದು ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಸಾಧನಗಳಿಗಾಗಿ. ಆದರೆ ಸದ್ದು ಎಲ್ಲಿಂದ ಬಂದರೂ ರೋಮಕೋಶಕ್ಕೆ ಒಂದೇ. ಪ್ರತಿ 3 ಡೆಸಿಬೆಲ್ ಏರಿದಂತೆ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ. ನೀವೇ ಲೆಕ್ಕ ಹಾಕಿ ನೋಡಿ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ ಗಂಟೆ. ಅಂದರೆ ಸರಾಸರಿ 92 ಡೆಸಿಬೆಲ್‌ನಲ್ಲಿ ಒಂದು ಸಿನಿಮಾ ನೋಡಿದರೆ ನಿಮ್ಮ ಕಿವಿಯ ಇಡೀ ವಾರದ ಪಾಲು ಮುಗಿಯಿತು. ಪಕ್ಕದಲ್ಲಿ ಕುಳಿತ ಮಗುವಿಗೆ 87 ಡೆಸಿಬೆಲ್‌ನಲ್ಲೇ ಅದು ಮುಗಿದಿರುತ್ತದೆ.

ದುಬಾರಿ ಯಂತ್ರದ ಸ್ವಚ್ಛ ಧ್ವನಿಯಲ್ಲೂ ಒಂದು ಮೋಸವಿದೆ. ಅಗ್ಗದ ಸೆಟ್ಟನ್ನು ಜೋರು ಮಾಡಿದರೆ ಧ್ವನಿ ಕರ್ಕಶವಾಗುತ್ತದೆ, ನಾವೇ ಕಡಿಮೆ ಮಾಡುತ್ತೇವೆ. ಒಳ್ಳೆಯ ಸೆಟ್ಟು ಎಷ್ಟು ಜೋರಾದರೂ ಹಿತವಾಗಿಯೇ ಇರುತ್ತದೆ. ಹಿತವಾಗಿದೆ ಎಂದ ಮಾತ್ರಕ್ಕೆ ಅದು ನಿರಪಾಯಕಾರಿಯಲ್ಲ.

ಅಜ್ಜನ ದೂರು

"ಟಿ.ವಿ.ಯಲ್ಲಿ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ." ಹಿರಿಯರ ಈ ದೂರಿಗೆ ಪರಿಹಾರವೆಂದು ದೊಡ್ಡ ರಿಸೀವರ್ ಕೊಳ್ಳುವವರಿದ್ದಾರೆ. ವಯಸ್ಸಾದಂತೆ ಮೊದಲು ಕುಂದುವುದು ತಾರಕ ಧ್ವನಿಗಳನ್ನು ಕೇಳುವ ಶಕ್ತಿ. ಸ್ವರಗಳು ಕೇಳುತ್ತವೆ, ಸ, ಶ, ಚ, ಕ, ತ ಮುಂತಾದ ವ್ಯಂಜನಗಳು ಜಾರಿಹೋಗುತ್ತವೆ. "ಸಂತೆ" ಎಂದದ್ದು "ಕಂತೆ" ಎಂದು ಕೇಳಬಹುದು. ಇಂಥವರಿಗೆ ಸದ್ದನ್ನು ಸಾರಾಸಗಟಾಗಿ ಏರಿಸಿದರೆ ಢೋಲು, ಗುಂಡಿನ ಸದ್ದುಗಳು ಮಾತ್ರ ಇನ್ನಷ್ಟು ಜೋರಾಗುತ್ತವೆ. ಇಂಥ ಕಿವಿಗಳಲ್ಲಿ ಜೋರು ಸದ್ದನ್ನು ತಾಳುವ ಶಕ್ತಿಯೂ ಕಡಿಮೆ. ಒಮ್ಮೆ "ಜೋರಾಗಿ ಹೇಳು" ಎಂದ ಅಜ್ಜ ಮರುಕ್ಷಣ "ಯಾಕೆ ಕಿರುಚುತ್ತೀಯ?" ಎನ್ನುವುದು ಇದರಿಂದಲೇ. ಅದು ಹಟವಲ್ಲ.

ಅವರಿಗೆ ಬೇಕಾದದ್ದು ಶ್ರವಣ ಪರೀಕ್ಷೆ. ಅರ್ಧ ಗಂಟೆಯ ಕೆಲಸ, ನೋವಿಲ್ಲ. ಕಿವಿಯಲ್ಲಿ ಗುಗ್ಗೆ ತುಂಬಿದ್ದರೆ ಅದನ್ನು ತೆಗೆಸಿದರೇ ಸಾಕಾಗಬಹುದು. ದೋಷ ನರದ್ದಾದರೆ ಶ್ರವಣ ಸಾಧನ ನೆರವಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಕೆಲಸಕ್ಕೇ ಮೀಸಲಾದುದು. ಕಿವಿ, ಮೂಗು, ಗಂಟಲು ತಜ್ಞರಿರುವ ಆಸ್ಪತ್ರೆಗಳಲ್ಲೂ ವಿಚಾರಿಸಬಹುದು. ಇದನ್ನು ಮುಂದೂಡಬಾರದು. 2024ರ ಲ್ಯಾನ್ಸೆಟ್ ಆಯೋಗದ ವರದಿ, ಮರೆವಿನ ಕಾಯಿಲೆಗೆ ಕಾರಣವಾಗಬಲ್ಲ, ಆದರೆ ತಡೆಯಲು ಸಾಧ್ಯವಿರುವ 14 ಅಂಶಗಳಲ್ಲಿ ಕಿವುಡುತನವನ್ನೂ ಸೇರಿಸಿದೆ. ಮಾತು ಕೇಳಿಸದ ಹಿರಿಯರು ಮನೆಯವರ ನಡುವಿದ್ದೂ ಒಂಟಿಯಾಗುತ್ತಾರೆ.

ಗೋಡೆಯಾಚೆ

ಅಮ್ಮನ ಆತಂಕವೂ ನ್ಯಾಯವಾದದ್ದೇ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ರಾತ್ರಿ 10ರಿಂದ ಬೆಳಗಿನ 6ರವರೆಗೆ 45. ಖಾಸಗಿ ಧ್ವನಿ ಸಾಧನದ ಸದ್ದು ನಮ್ಮ ಜಾಗದ ಎಲ್ಲೆಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗೂ ಹೆಚ್ಚು ಮೀರಬಾರದು. ಸಬ್‌ವೂಫರಿನ ಗುಡುಗುಡು ಸದ್ದನ್ನು ಗೋಡೆ ಅಷ್ಟಾಗಿ ತಡೆಯುವುದಿಲ್ಲ. ಆಚೆ ಮನೆಯಲ್ಲಿ ಪರೀಕ್ಷೆಗೆ ಓದುವವರು, ಬಾಣಂತಿಯರು, ರಾತ್ರಿ ಪಾಳಿ ಮುಗಿಸಿ ಮಲಗಿದವರು ಇರಬಹುದು.

ಯಾರು ಕೊಳ್ಳಬಹುದು?

ಮೇಲಿನ ಮಾದರಿ ಯಾರಿಗೂ ಬೇಡವೆಂದು ನನ್ನ ವಾದವಲ್ಲ. ಸಿನಿಮಾಕ್ಕೆಂದೇ ಪ್ರತ್ಯೇಕ ದೊಡ್ಡ ಕೋಣೆ ಇರುವವರು, ಹತ್ತಕ್ಕಿಂತ ಹೆಚ್ಚು ಸ್ಪೀಕರ್ ಕೂರಿಸುವವರು, ಹೆಚ್ಚು ಶಕ್ತಿ ಬೇಡುವ 4 ಓಮ್ ಸ್ಪೀಕರ್ ಇರುವವರು ಅನುಕೂಲವಿದ್ದರೆ ಕೊಳ್ಳಲಿ. ಹತ್ತು ಹದಿನೈದು ಅಡಿಯ ಹಾಲಿನಲ್ಲಿ ಐದು ಸ್ಪೀಕರ್ ಇಡುವವರಿಗೆ ಮಾತ್ರ ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ಲೇಸು.

ಕೊಳ್ಳುವವರು ಗಮನಿಸಬೇಕಾದದ್ದು:

1. ಮೊದಲು ಕೋಣೆ ಅಳೆಯಿರಿ, ಸ್ಪೀಕರ್ ಎಷ್ಟೆಂದು ನಿಶ್ಚಯಿಸಿ. ಆಮೇಲೆ ರಿಸೀವರ್ ಆರಿಸಿ. ಉಳಿದ ಹಣದಲ್ಲಿ ಒಳ್ಳೆಯ ನಡುವಿನ ಸ್ಪೀಕರ್ ಕೊಳ್ಳಿ. ಸಂಭಾಷಣೆಯ ಬಹುಭಾಗ ಬರುವುದು ಅದರಿಂದಲೇ.

2. ಮಾತು ಅಸ್ಪಷ್ಟವೆನಿಸಿದರೆ ನಡುವಿನ ಸ್ಪೀಕರಿನ ಮಟ್ಟವನ್ನಷ್ಟೇ 2-3 ಡೆಸಿಬೆಲ್ ಏರಿಸಿ. ಜೋರು ಸದ್ದನ್ನು ತಗ್ಗಿಸುವ ನೈಟ್ ಮೋಡ್ ಬಳಸಿ. ಇವು ಮಧ್ಯಮ ಮಾದರಿಗಳಲ್ಲೂ ಇರುತ್ತವೆ.

3. ಗರಿಷ್ಠ ವಾಲ್ಯೂಮ್ ಮಿತಿಯನ್ನು ಮೊದಲ ದಿನವೇ ನಿಗದಿಪಡಿಸಿ. ಒಂದು ತೋಳಿನಷ್ಟು ದೂರದಲ್ಲಿರುವವರೊಡನೆ ಧ್ವನಿ ಏರಿಸಿ ಮಾತಾಡಬೇಕಾಗಿ ಬಂದರೆ ಸದ್ದು ಹೆಚ್ಚಾಯಿತೆಂದೇ ಅರ್ಥ.

4. ಸಿನಿಮಾ ಮುಗಿದ ಮೇಲೆ ಕಿವಿ ಗುಂಯ್‌ಗುಟ್ಟಿದರೆ ಅಥವಾ ಮಂಕಾದರೆ ಅದು ಎಚ್ಚರಿಕೆ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದಾದರೆ ತಡಮಾಡದೆ ತಜ್ಞರನ್ನು ಕಾಣಿ.

ಈ ಭಾನುವಾರವೇ ಅಂಗಡಿಗೆ ಹೊರಟಿದ್ದೀರಾ? ಒಂದು ವಾರ ತಡೆಯಿರಿ. ಅಷ್ಟರಲ್ಲಿ ಅಜ್ಜನನ್ನು ಶ್ರವಣ ಪರೀಕ್ಷೆಗೆ ಕರೆದೊಯ್ಯಿರಿ. ಅದರ ಫಲಿತಾಂಶ ನೋಡಿದ ಮೇಲೆ ಯಾವ ಮಾದರಿ ಬೇಕೆಂದು ಮನೆಯವರೆಲ್ಲ ಕುಳಿತು ನಿರ್ಧರಿಸಿ.