ನಮ್ಮ ಹೊಲದ ತೊಗರಿ ನಮ್ಮ ಮಕ್ಕಳ ತಟ್ಟೆಗೆ ಬರಲಿ

ಬಸವಕಲ್ಯಾಣ, ಹುಮನಾಬಾದ್ ತಾಲೂಕುಗಳ ತಾಯಂದಿರೇ, ಪಾಲಕರೇ, ರೈತ ಬಂಧುಗಳೇ,

ಸರ್ಕಾರಿ ಶಾಲೆಯಲ್ಲಿ ಒಂದರಿಂದ ಐದನೇ ತರಗತಿಯ ಮಗುವಿನ ಬಿಸಿಯೂಟಕ್ಕೆ ದಿನಕ್ಕೆ ಇಟ್ಟಿರುವ ಹಣ ₹6.78. ಆರರಿಂದ ಎಂಟರವರೆಗೆ ₹10.17. 2025ರ ಮೇ 1ರಿಂದ ಜಾರಿಗೆ ಬಂದ ದರ ಇದು. ನೂರರಲ್ಲಿ ಅರವತ್ತು ಪಾಲು ಕೇಂದ್ರದ್ದು, ನಲವತ್ತು ರಾಜ್ಯದ್ದು. ಅಕ್ಕಿ, ಗೋಧಿ ಬೇರೆಯಾಗಿ ಉಚಿತವಾಗಿ ಬರುತ್ತವೆ, ನಿಜ. ಆದರೆ ಬೇಳೆ, ಎಣ್ಣೆ, ಕಾಯಿಪಲ್ಲೆ, ಉಪ್ಪು, ಖಾರ, ಗ್ಯಾಸ್ ಎಲ್ಲವೂ ಈ ಆರು ಮುಕ್ಕಾಲು ರೂಪಾಯಿಯಲ್ಲೇ ಮುಗಿಯಬೇಕು. ಬಸ್ ನಿಲ್ದಾಣದಲ್ಲಿ ಒಂದು ಕಪ್ ಚಹಾ ಕುಡಿಯಲು ಸಾಲದ ಹಣ ಇದು.

ನಿಯಮದ ಪ್ರಕಾರ ಚಿಕ್ಕ ಮಗುವಿನ ಊಟದಲ್ಲಿ 20 ಗ್ರಾಂ ಬೇಳೆ, 50 ಗ್ರಾಂ ಕಾಯಿಪಲ್ಲೆ ಇರಬೇಕು. ಒಂದು ಮಧ್ಯಾಹ್ನ ನಿಮ್ಮೂರ ಶಾಲೆಗೆ ಹೋಗಿ ಸಾಲಾಗಿ ಕುಳಿತ ಮಕ್ಕಳ ತಟ್ಟೆ ನೋಡಿ. ಸಾರು ತೆಳ್ಳಗಾದ ದಿನ ಹಳದಿ ನೀರು ಅನ್ನದಲ್ಲಿ ನಿಲ್ಲದೆ ತಟ್ಟೆಯ ಅಂಚಿಗೆ ಹರಿಯುತ್ತದೆ. ಮಗು ತಟ್ಟೆ ವಾಲಿಸಿ ಅದನ್ನು ಕುಡಿದುಬಿಡುತ್ತದೆ, ಒಣ ಅನ್ನ ಹಾಗೇ ಉಳಿಯುತ್ತದೆ. ಇದಕ್ಕೆ ಅಡುಗೆ ತಾಯಿಯನ್ನು ಬೈಯಬೇಡಿ. ಟೊಮೆಟೊ ದರ ಏರಿದಾಗ ಹೆಚ್ಚಿನ ಹಣ ಅವಳ ಕೈಗೆ ಯಾರೂ ಕೊಡುವುದಿಲ್ಲ.

ತೊಗರಿ ಬೆಳೆಯುವ ಸೀಮೆಯಲ್ಲಿ ಮಕ್ಕಳಿಗೆ ತೆಳ್ಳನೆಯ ಸಾರು ಯಾಕೆ? ಸುಗ್ಗಿ ಬಂದಾಗ ನಮ್ಮ ರೈತ ಚೀಲ ಹೊತ್ತು ಎಪಿಎಂಸಿಗೆ ಹೋಗುತ್ತಾನೆ, ವ್ಯಾಪಾರಿ ಹೇಳಿದ ದರಕ್ಕೆ ಕೊಟ್ಟು ಬರುತ್ತಾನೆ. 2025-26ಕ್ಕೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ ₹8,000. ಅಷ್ಟು ಬೆಲೆಗೆ ಇಲ್ಲೇ ಕೊಳ್ಳುವ ಗಿರಾಕಿ ನಮ್ಮ ಕಣ್ಣೆದುರಿಗೇ ಇದೆ: ಊರ ಶಾಲೆ. ಲೆಕ್ಕ ಹಾಕಿ. ನೂರು ಚಿಕ್ಕ ಮಕ್ಕಳ ಶಾಲೆಗೆ ದಿನಕ್ಕೆ ಎರಡು ಕಿಲೋ ಬೇಳೆ. ವರ್ಷಕ್ಕೆ 200 ದಿನ ಎಂದರೂ ನಾಲ್ಕು ಕ್ವಿಂಟಲ್. ಅದಕ್ಕೆ ಬೇಕಾದ ಕಾಳು ಐದೂವರೆ ಕ್ವಿಂಟಲ್ ಆಸುಪಾಸು, ಅಂದರೆ ಒಂದೆರಡು ಎಕರೆಯ ಬೆಳೆ. ಊರಿನ ಒಬ್ಬ ಸಣ್ಣ ರೈತ ಒಂದು ಶಾಲೆಯ ವರ್ಷದ ಬೇಳೆ ಪೂರೈಸಬಲ್ಲ.

ನಮ್ಮ ಬೇಡಿಕೆ ಇಷ್ಟೇ. ಬಿಸಿಯೂಟದ ತೊಗರಿ ಮತ್ತು ಜೋಳವನ್ನು ಈ ತಾಲೂಕುಗಳ ರೈತರಿಂದಲೇ, ಬೆಂಬಲ ಬೆಲೆಗಿಂತ ಕಡಿಮೆಯಾಗದಂತೆ ಕೊಳ್ಳಬೇಕು. ತಟ್ಟೆಯೊಂದಕ್ಕೆ ತಗಲುವ ಹೆಚ್ಚಿನ ಖರ್ಚನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಭರಿಸಬೇಕು. ಸಂವಿಧಾನದ 371ಜೆ ಕಲಂ ಅಡಿ ಹುಟ್ಟಿದ ಆ ಮಂಡಳಿಯ ಹಣ ರಸ್ತೆಗೆ, ಕಟ್ಟಡಕ್ಕೆ ಹೋಗುತ್ತದೆ, ಹೋಗಲಿ. ಮಗುವಿನ ಹೊಟ್ಟೆಯೂ ಈ ಪ್ರದೇಶದ ಅಭಿವೃದ್ಧಿಯ ಲೆಕ್ಕಕ್ಕೆ ಬರಬೇಕು.

ಆಗದ ಮಾತು ಎನ್ನುವವರಿಗೆ ಬ್ರೆಜಿಲ್ ದೇಶವನ್ನು ತೋರಿಸಿ. ಶಾಲೆಯ ಊಟಕ್ಕೆ ಕೇಂದ್ರದಿಂದ ಬರುವ ಹಣದಲ್ಲಿ ಕನಿಷ್ಠ ನೂರಕ್ಕೆ 30 ಪಾಲನ್ನು ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲು ಖರ್ಚು ಮಾಡಬೇಕೆಂದು ಅಲ್ಲಿ 2009ರಲ್ಲೇ ಕಾನೂನಾಯಿತು. ಅಷ್ಟು ದೂರವೇಕೆ, ನಮ್ಮದೇ ಇತಿಹಾಸ ನೋಡಿ. ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ರಾಜ್ಯದಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮ ಬೀದರ್ ಒಂದು. 2021ರ ಡಿಸೆಂಬರಿನಲ್ಲಿ ಶಾಲೆಯಲ್ಲಿ ಮೊಟ್ಟೆ ಕೊಡಲು ಶುರು ಮಾಡಿದ್ದೂ ಬೀದರ್ ಸೇರಿದಂತೆ ಈ ಭಾಗದ ಜಿಲ್ಲೆಗಳಲ್ಲೇ. ಆಮೇಲೆ ಇಡೀ ಕರ್ನಾಟಕ ಹಿಂಬಾಲಿಸಿತು.

ಜೋಳದ ವಿಷಯಕ್ಕೆ ಬಂದರೆ, ನೂರು ಮಕ್ಕಳಿಗೆ ಬಿಸಿ ರೊಟ್ಟಿ ಬಡಿಯಲು ಇಬ್ಬರು ಅಡುಗೆಯವರಿಂದ ಆಗದು, ಒಪ್ಪುತ್ತೇವೆ. ಆದರೆ ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಕಲಬುರಗಿಯಲ್ಲಿ ಜಿಲ್ಲಾಡಳಿತದ ಬೆಂಬಲದಿಂದ ಮಹಿಳಾ ಗುಂಪುಗಳ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಲ್ಲಿ ಮಾರಾಟವಾಗುತ್ತಿದೆ. ಸ್ವಸಹಾಯ ಗುಂಪು ಕಟ್ಟುವುದನ್ನು ಬೀದರಿನ ಹೆಂಗಸರಿಗೆ ಯಾರೂ ಕಲಿಸಬೇಕಿಲ್ಲ. ವಾರಕ್ಕೆರಡು ದಿನ ರೊಟ್ಟಿ, ಗಟ್ಟಿ ಬ್ಯಾಳಿ, ಒಂದು ಸೊಪ್ಪಿನ ಪಲ್ಯ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ರೊಟ್ಟಿ, ಭಜ್ಜಿ ಉಣ್ಣುವ ಮಕ್ಕಳಿಗೆ ಇದು ಹೊಸದೇನಲ್ಲ.

ಇನ್ನು ಅಡುಗೆ ತಾಯಂದಿರ ಸಂಬಳ. ಕೇಂದ್ರ ಸರ್ಕಾರ 2009ರಲ್ಲಿ ತಿಂಗಳಿಗೆ ₹1,000 ಎಂದು ನಿಗದಿ ಮಾಡಿತು, ಇವತ್ತಿಗೂ ಅದನ್ನು ಏರಿಸಿಲ್ಲ. ಅದರ ಮೇಲಿನದನ್ನು ರಾಜ್ಯವೇ ಹಾಕಿಕೊಂಡು ಬಂದಿದೆ, ಆದರೂ ಒಂದು ಮನೆ ನಡೆಯುವಷ್ಟು ಆಗಿಲ್ಲ. ಕುದಿಯುವ ನೀರಿನಿಂದ ತೆಗೆದ ಮೊಟ್ಟೆ ಆರುವಷ್ಟು ಪುರುಸೊತ್ತೂ ಇಲ್ಲದೆ ನೂರಾರು ಮೊಟ್ಟೆ ಸುಲಿಯುವ ಅವರ ಬೆರಳ ತುದಿ ಕೆಂಪಾಗಿರುತ್ತದೆ. ಕಾಯಕ, ದಾಸೋಹ ಎಂದು ಬಸವಣ್ಣನವರು ಸಾರಿದ ಕಲ್ಯಾಣದ ನೆಲದಲ್ಲಿ ಇಂಥ ದುಡಿಮೆಗೆ ಗೌರವಧನ ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು ಅನ್ಯಾಯ.

ಪಾಲಕರು ತಿಳಿದಿರಬೇಕಾದದ್ದು ಇನ್ನೊಂದಿದೆ. 2015ರ ಮಧ್ಯಾಹ್ನದ ಊಟದ ನಿಯಮಗಳಂತೆ, ಹಣ ಬರುವುದು ತಡವಾದರೆ ಶಾಲೆಯಲ್ಲಿರುವ ಬೇರೆ ಹಣ ಬಳಸಿ ಊಟ ಮುಂದುವರಿಸಲು ಹೆಡ್ ಮಾಸ್ತರರಿಗೆ ಅಧಿಕಾರವಿದೆ. ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುವ ಗತಿ ಅವರಿಗೆ ಬರಬಾರದು. ಧಾನ್ಯವೋ ಹಣವೋ ಇಲ್ಲದೆ ಊಟ ನಿಂತರೆ ಅದರ ಬದಲಿಗೆ ಧಾನ್ಯ ಮತ್ತು ಹಣವನ್ನು ಆಹಾರ ಭದ್ರತಾ ಭತ್ಯೆಯಾಗಿ ಮಗುವಿಗೆ ಕೊಡಬೇಕು.

ನಿಮ್ಮ ಶಾಲೆಯ ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗಿ. ಕನ್ನಡ, ಮರಾಠಿ, ಉರ್ದು ಯಾವ ಮಾಧ್ಯಮದ ಶಾಲೆಯಾದರೂ ಸರಿ, ಸ್ಥಳೀಯ ತೊಗರಿ, ಜೋಳ ಕೊಳ್ಳಬೇಕೆಂದು ಠರಾವು ಬರೆಸಿ. ಗ್ರಾಮಸಭೆಯಲ್ಲೂ ಅದನ್ನೇ ಓದಿಸಿ ಸಹಿ ಹಾಕಿಸಿ. ಒಂದು ಪ್ರತಿ ತಾಲೂಕು ಪಂಚಾಯಿತಿಯ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ, ಒಂದು ನಿಮ್ಮ ಶಾಸಕರಿಗೆ, ಒಂದು ಕಲಬುರಗಿಯ ಮಂಡಳಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ತೊಗರಿ ರಾಶಿ ಆಗುವ ಮೊದಲೇ ಈ ಕೆಲಸ ಆಗಬೇಕು.